ಚೌಕಟ್ಟು, ಜಂತಿ, ಬಂಡಿ: ಮೂರು ಹಳೆ ಕಟ್ಟಿಗೆಯ ಮೂರು ಪುಟ್ಟ ಟೇಬಲ್

ಚಹಾ ಲೋಟ, ಪೇಪರ್, ಕನ್ನಡಕ ಇಡಲು ಒಂದು ಸಣ್ಣ ಟೇಬಲ್ ಬೇಕಿತ್ತು. 24 ಇಂಚು ಉದ್ದ, 16 ಇಂಚು ಅಗಲ, ಅಷ್ಟೇ. ಅಂಗಡಿಯಲ್ಲಿ ನೋಡಿದ್ದೆಲ್ಲ ಮರದ ಹೊಟ್ಟು ಒತ್ತಿ ಮಾಡಿದ್ದು. ನೆಲ ಒರೆಸುವಾಗ ನೀರು ತಾಗಿದರೆ ಸಾಕು, ಕಾಲು ಉಬ್ಬುತ್ತದೆ. ಹಾಗಾಗಿ ಹಳೆ ಕಟ್ಟಿಗೆಗೆ ಕೈ ಹಾಕಿದೆ. ಒಂದು ಮಾಡಿದ ಮೇಲೆ ಚಟ ಹತ್ತಿತು. ಎರಡು ವರ್ಷದಲ್ಲಿ ಒಂದೇ ಅಳತೆಯ ಮೂರು ಟೇಬಲ್ ಆದವು.

ಸಾಗವಾನಿ ಸಿಕ್ಕಿದ್ದು ಕಲಬುರಗಿಯ ಬ್ರಹ್ಮಪುರದಲ್ಲಿ ಕೆಡವಿದ ಮನೆಯೊಂದರ ಬಾಗಿಲ ಚೌಕಟ್ಟಿನಿಂದ. ಬೇವು ಆಳಂದ ಕಡೆಯ ನಮ್ಮ ಹಳೆ ಮಾಳಿಗೆ ಮನೆಯ ಜಂತಿ. ಜಾಲಿ ಅದೇ ಮನೆಯ ಹಿತ್ತಲಲ್ಲಿ ಮುರಿದು ಬಿದ್ದಿದ್ದ ಎತ್ತಿನ ಬಂಡಿ. ಕರಿಜಾಲಿ ಮತ್ತೆ, ರಸ್ತೆ ಬದಿ ಬೆಳೆದು ನಿಂತ ಬಳ್ಳಾರಿ ಜಾಲಿ ಅಲ್ಲ. ದುಡ್ಡು ಕೊಟ್ಟದ್ದು ಸಾಗವಾನಿಗೆ ಮಾತ್ರ. ತೂಗಿ ಕೊಟ್ಟವನು ಒಳಗಿದ್ದ ಮೊಳೆಗಳನ್ನೂ ಕಟ್ಟಿಗೆ ರೇಟಿಗೇ ತೂಗಿದ!

ಮೊಳೆ ಸಣ್ಣ ವಿಷಯ ಅಲ್ಲ. ಹಳೆ ಕಟ್ಟಿಗೆ ತಂದರೆ ಸಾಮಿಲ್‌ನವರು ಮುಖ ತಿರುಗಿಸುತ್ತಾರೆ, ಒಂದು ಮೊಳೆಗೆ ಅವರ ಗರಗಸದ ಹಲ್ಲು ಹೋಗುತ್ತದೆ. ಹಳೆ ಸ್ಪೀಕರ್‌ನ ಆಯಸ್ಕಾಂತವನ್ನು ಕಟ್ಟಿಗೆಯ ಮೇಲೆ ಇಂಚಿಂಚೂ ಓಡಿಸಿದೆ. ಚೌಕಟ್ಟಿನಲ್ಲೇ 31 ಮೊಳೆ ಸಿಕ್ಕವು.

ಕೆಲಸಕ್ಕೆ ಸುಲಭ ಸಾಗವಾನಿ, ಅದರಲ್ಲಿ ಎರಡು ಮಾತಿಲ್ಲ. ಕಟ್ಟಿಗೆ ಹೆರೆದು ನಯ ಮಾಡುವ ರಂದಾ ಹೊಡೆದರೆ ಸುರುಳಿ ಸುರುಳಿಯಾಗಿ ಬರುತ್ತದೆ, ಮನೆ ತುಂಬ ಚರ್ಮದಂಥ ವಾಸನೆ. ಮೇಲಿನ ಬಣ್ಣ ತೆಗೆಯುವುದೇ ತಲೆನೋವು. ಹಳೆ ಬಣ್ಣದಲ್ಲಿ ಸೀಸ ಇರಬಹುದು. ಅದಕ್ಕೇ ಒಣಗಿದ್ದನ್ನು ಉಜ್ಜಲಿಲ್ಲ, ನೀರು ಹಚ್ಚಿ ಕೆರೆದು ಕೆರೆದು ತೆಗೆದೆ. ಚೌಕಟ್ಟಿನ ಅಗಲ ನಾಲ್ಕೇ ಇಂಚು, ಮೇಲ್ಹಲಗೆಗೆ ನಾಲ್ಕು ಪಟ್ಟಿ ಅಂಟಿಸಬೇಕಾಯ್ತು. ಮೊದಲ ಸಲ ಫೆವಿಕಾಲ್ ಹಿಡಿಯಲೇ ಇಲ್ಲ, ಮರುದಿನ ಕೈಯಲ್ಲೇ ಬಿಚ್ಚಿಕೊಂಡಿತು. ಸಾಗವಾನಿಯ ಒಳಗೆ ಎಣ್ಣೆ ಇರುತ್ತದೆ. ಗೆದ್ದಲು ಹತ್ತಿರ ಬರದಂತೆ ಮಾಡುವುದರಲ್ಲಿ ಅದರ ಪಾಲೂ ಇದೆ, ಅಂಟು ಕೂರದಂತೆ ಮಾಡುವುದೂ ಅದೇ. ಎರಡನೇ ಸಲ ಅಂಚನ್ನು ಹೊಸದಾಗಿ ರಂದಾ ಹೊಡೆದು, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ತಕ್ಷಣ ಅಂಟಿಸಿದೆ. ಈವರೆಗೂ ಅಲುಗಿಲ್ಲ.

ಬೇವಿನ ಮೇಲೆ ನನಗೆ ಪ್ರೀತಿ ಜಾಸ್ತಿ ಇತ್ತು, ಅಜ್ಜನ ಮನೆ ಜಂತಿ ಅಲ್ವಾ. ಪ್ರೀತಿಯಿಂದ ಹಲಗೆ ನೆಟ್ಟಗಾಗುವುದಿಲ್ಲ. ಜಂತಿಗಳು ದುಂಡಗೆ, ಅಲ್ಲಲ್ಲಿ ಸೊಟ್ಟ. ಏಳು ಜಂತಿ ಸೀಳಿದರೂ ಹಲಗೆಗೆ ಸಾಕಾಗಿದ್ದು ಕಷ್ಟದಿಂದ. ಬೇವಿನ ನಾರು ಒಂದೇ ದಿಕ್ಕಿಗೆ ಹೋಗುವುದಿಲ್ಲ. ಈ ಕಡೆಯಿಂದ ರಂದಾ ಹೊಡೆದರೂ, ಆ ಕಡೆಯಿಂದ ಹೊಡೆದರೂ ಎಲ್ಲೋ ಒಂದು ಕಡೆ ಕಿತ್ತು ಬರುತ್ತದೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದೆ, ಆದರೂ ರಾತ್ರಿ ಊಟಕ್ಕೆ ಕೂತರೆ ರೊಟ್ಟಿಯೂ ಕಹಿ.

ಬೇವಿನ ಟೇಬಲ್ ಬಿರುಕು ಬಿಟ್ಟಿದ್ದು ಮಾತ್ರ ನನ್ನ ತಪ್ಪಿನಿಂದ. ಮೇಲ್ಹಲಗೆಯನ್ನು ಕೆಳಗಿನ ಪಟ್ಟಿಗಳಿಗೆ ಸ್ಕ್ರೂ ಹಾಕಿ ಬಿಗಿದುಬಿಟ್ಟಿದ್ದೆ. ಮರ ಎಷ್ಟೇ ಹಳೆಯದಾಗಲಿ, ಮಳೆಗಾಲಕ್ಕೆ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಉದ್ದಕ್ಕೆ ಅಲ್ಲ, ಅಗಲಕ್ಕೆ. ಕಲಬುರಗಿಯ ಮೇ ತಿಂಗಳು ಗೊತ್ತಲ್ಲ, 40 ಡಿಗ್ರಿ ದಾಟಿದ ಒಣ ಬಿಸಿಲು. ಒಂದು ಮಧ್ಯಾಹ್ನ ಟಪ್ ಅಂತ ಸದ್ದಾಯಿತು. ನೋಡಿದರೆ ಹಲಗೆಯಲ್ಲಿ ಒಂಬತ್ತು ಇಂಚಿನ ಬಿರುಕು. ಜಾಲಿ ಟೇಬಲ್ಲಿಗೆ ಸ್ಕ್ರೂ ತೂತುಗಳನ್ನು ಉದ್ದುದ್ದ ಕೊರೆದೆ. ಹಲಗೆ ತನ್ನಷ್ಟಕ್ಕೆ ಸರಿದಾಡಿಕೊಳ್ಳುತ್ತದೆ. ಸಾಗವಾನಿಯನ್ನೂ ಬಿಚ್ಚಿ ಹಾಗೇ ಮಾಡಿದೆ.

ಜಾಲಿ ಬೇರೆಯೇ ಜಾತಿ. ಬಂಡಿಯ ಮೂಕಿಗೆ ಮೊದಲ ಸಲ ರಂದಾ ಹಚ್ಚಿದಾಗ ಓಣಿಯ ಬಡಿಗ ಕಾಕಾ ನಿಂತು ನೋಡಿ ನಕ್ಕರು. "ತಮ್ಮಾ, ಅದು ಕಟ್ಟಿಗಿ ಅಲ್ಲೋ, ಕಬ್ಬಿಣ ಅದ. ಬ್ಲೇಡ್ ಮಸಿಯೋದು ಕಲಿ ಮೊದ್ಲ."

ಕಲಿತೆ. ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ತುಂಡಿನ ಮೇಲೆ ನೀರು ಹಾಕಿ ಉಜ್ಜುವ ಮರಳು ಕಾಗದ ಹಾಸಿ ಬ್ಲೇಡ್ ಮಸೆದೆ. ಸಾಗವಾನಿಗೆ ದಿನಕ್ಕೆ ಎರಡು ಸಲ ಮಸೆದರೆ ನಡೆಯುತ್ತಿತ್ತು, ಜಾಲಿಗೆ ಅರ್ಧ ಗಂಟೆಗೊಮ್ಮೆ. ಮೊದಲೇ ತೂತು ಕೊರೆಯದೆ ಸ್ಕ್ರೂ ಹಾಕಿದರೆ ಸ್ಕ್ರೂನ ತಲೆಯೇ ಮುರಿಯುತ್ತದೆ. ಮೂರು ಮುರಿದೆ. ಅಂಚಿನ ಬಿಳಿ ಭಾಗಕ್ಕೆ ಕುಟ್ಟೆ ಹುಳ ಬಿದ್ದಿತ್ತು, ಪೂರ್ತಿ ಕೊಯ್ದು ಎಸೆದೆ. ಒಳಗಿನ ಕೆಂಪು ತಿರುಳಿಗೆ ಏನೂ ಆಗಿರಲಿಲ್ಲ. ಕಬ್ಬಿಣ ತಾಗಿದ್ದಲ್ಲೆಲ್ಲ ಶಾಯಿ ಚೆಲ್ಲಿದಂತೆ ಕಪ್ಪು ಕಲೆ. ಜಾಲಿಯ ಒಗರು ಕಬ್ಬಿಣಕ್ಕೆ ಸೇರಿದರೆ ಹಾಗೇ ಆಗುವುದು. ಎಷ್ಟು ಉಜ್ಜಿದರೂ ಹೋಗಲಿಲ್ಲ, ಬಿಟ್ಟೆ.

ಆದರೆ ಜೋಡಣೆ! ಕಾಲಿನ ತೂತಿಗೆ ಪಟ್ಟಿಯ ತುದಿ ಬಡಿದು ಕೂರಿಸಿದರೆ ಅಂಟು ಬೇಕೇ ಅನ್ನಿಸುವಷ್ಟು ಬಿಗಿ. ಸಾಗವಾನಿಯಲ್ಲಿ ಅದೇ ಜೋಡಣೆಗೆ ಹುಷಾರಾಗಿ ಬಡಿಯಬೇಕು, ಅಂಚು ಸಿಡಿಯುತ್ತದೆ. ತೂಕದಲ್ಲಿ ಸಾಗವಾನಿ 9 ಕೆಜಿ, ಜಾಲಿ 11. ಮಗ ಓಡುತ್ತಾ ಬಂದು ಗುದ್ದಿದರೆ ಸಾಗವಾನಿ ಜರಗುತ್ತದೆ. ಜಾಲಿಗೆ ಗುದ್ದಿದರೆ ಅಳುವುದು ಮಗ.

ಮೂರಕ್ಕೂ ಹಚ್ಚಿದ್ದು ಅಗಸೆ ಎಣ್ಣೆ. ಅಡುಗೆಗೆ ಬಳಸುವ ಅಗಸೆ ಎಣ್ಣೆ ಹಚ್ಚಬೇಡಿ, ವಾರಗಟ್ಟಲೆ ಜಿಗುಟಾಗಿಯೇ ಇರುತ್ತದೆ. ಬಣ್ಣದ ಅಂಗಡಿಯಲ್ಲಿ ಬೇಗ ಒಣಗುವಂಥದ್ದು ಸಿಗುತ್ತದೆ. ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಚ್ಚಿ ಹರವಿ ಒಣಗಿಸಿ. ಅರಗಿನಿಂದ ಮಾಡುವ ಲಾಕ್ ಪಾಲಿಶ್ ಹೊಳಪು ಚೆನ್ನ, ಆದರೆ ಬಿಸಿ ಲೋಟ ಇಟ್ಟ ಕಡೆ ಬಿಳಿ ಉಂಗುರ ಮೂಡುತ್ತದೆ. ನಾನು ದಿನಕ್ಕೆ ಆರು ಸಲ ಚಹಾ ಕುಡಿಯುವವನು.

ಬಂದವರೆಲ್ಲ ಸಾಗವಾನಿಯನ್ನೇ ಹೊಗಳುತ್ತಾರೆ. ನಾನು ಲೋಟ ಇಡುವುದು ಜಾಲಿಯ ಮೇಲೆ. ಮೊದಲ ಸಲ ಮಾಡುವವರು ಕೇಳಿದರೆ ಸಾಗವಾನಿ ಅಂತಲೇ ಹೇಳುತ್ತೇನೆ, ಜಾಲಿಯಿಂದ ಶುರು ಮಾಡಿದರೆ ಅರ್ಧಕ್ಕೇ ಬಿಡುತ್ತೀರಿ. ನಾಲ್ಕನೆಯದಕ್ಕೆ ಕಟ್ಟಿಗೆ ಎತ್ತಿಟ್ಟಿದ್ದೇನೆ. ಕಾಲು ಜಾಲಿ, ಮೇಲ್ಹಲಗೆ ಸಾಗವಾನಿ. ಬೇವಿನ ಎರಡು ಜಂತಿ ಉಳಿದಿವೆ. ಅವನ್ನು ಅವ್ವ ನೀರೊಲೆಗೆ ಕೇಳುತ್ತಿದ್ದಾಳೆ.