ಜರ್ಮನಿಯಲ್ಲಿ ಹಳೆಯ ಥಿಂಕ್‌ಪ್ಯಾಡ್‌ಗೆ ರ‍್ಯಾಮ್: ಅಂಗಡಿಯ ಹೊಸದೋ, ಬಿಚ್ಚಿದ ಹಳೆಯದೋ, ಎಸ್‌ಪಿ ರೋಡಿನದೋ?

ಥಿಂಕ್‌ಪ್ಯಾಡ್ ಎಕ್ಸ್230 ಎಂಬ ಲೆನೊವೊ ಲ್ಯಾಪ್‌ಟಾಪ್ ಬಂದದ್ದು 2012ರಲ್ಲಿ. ಒಂದು ಎಸ್‌ಎಸ್‌ಡಿ ಹಾಕಿದರೆ ಬರವಣಿಗೆ, ಬ್ರೌಸಿಂಗ್, ಒಂದಿಷ್ಟು ಕೋಡಿಂಗ್‌ಗೆ ಇವತ್ತಿಗೂ ಧಾರಾಳವಾಗಿ ಸಾಕು. ಅದು ಏದುಸಿರು ಬಿಡುವುದು 4 ಜಿಬಿ ರ‍್ಯಾಮ್‌ನಿಂದ. ಇದರಲ್ಲಿ ಎರಡು ಸ್ಲಾಟ್ ಇವೆ, 8 ಜಿಬಿಯ ಎರಡು ಸ್ಟಿಕ್ ಹಾಕಿ 16ರವರೆಗೆ ಏರಿಸಬಹುದು. ಜರ್ಮನಿಯಲ್ಲಿ ಇರುವವರಿಗೆ ಆ ಸ್ಟಿಕ್ ಸಿಗುವ ದಾರಿ ಐದು. ಐದನ್ನೂ ಇದೇ ಮಾದರಿಯಲ್ಲಿ ಹಾಕಿ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶ ಓಡಿಸಿ ನೋಡಿದ ಮೇಲಿನ ಹೋಲಿಕೆ ಇದು.

ಮೊದಲು ಏನು ಹುಡುಕಬೇಕು ಅನ್ನುವುದು ಖಚಿತವಾಗಲಿ. ಬೇಕಾದದ್ದು ಡಿಡಿಆರ್3 ಎಂಬ ಬಗೆಯ ರ‍್ಯಾಮ್, ಲ್ಯಾಪ್‌ಟಾಪಿನ ಅಳತೆಯದು, 204 ಪಿನ್, ವೇಗ 1600. ಸ್ಟಿಕ್ಕಿನ ಮೇಲೆ ಪಿಸಿ3-12800ಎಸ್ ಅಥವಾ ಪಿಸಿ3ಎಲ್-12800ಎಸ್ ಎಂದಿರುತ್ತದೆ. ಆ ‘ಎಲ್’ ಇದ್ದರೆ 1.35 ವೋಲ್ಟ್, ಇಲ್ಲದಿದ್ದರೆ 1.5. ಎಕ್ಸ್230ಕ್ಕೆ ಎರಡೂ ನಡೆಯುತ್ತದೆ. 1.35ರ ಸ್ಟಿಕ್ಕನ್ನು 1.5ರ ಬೋರ್ಡಿಗೆ ಹಾಕಿದರೆ ಸುಟ್ಟುಹೋಗುತ್ತದೆ ಎಂದು ಹೆದರಿಸುವವರಿದ್ದಾರೆ. ಹಾಗೇನೂ ಆಗುವುದಿಲ್ಲ, ಎಲ್ ಸ್ಟಿಕ್ಕುಗಳು 1.5ರಲ್ಲೂ ಓಡುವಂತೆಯೇ ತಯಾರಾದವು. ಉಲ್ಟಾ ಮಾತ್ರ ನಡೆಯದು: ಇಂಟೆಲ್ 4ನೇ ತಲೆಮಾರಿನ ಲ್ಯಾಪ್‌ಟಾಪುಗಳಿಗೆ ಎಲ್ ಕಡ್ಡಾಯ, 1.5ರದ್ದನ್ನು ಹಾಕಿದರೆ ಬೂಟೇ ಆಗುವುದಿಲ್ಲ. ಹಾಗಾಗಿ ಯಾವ ಗೊಂದಲವೂ ಬೇಡವೆಂದರೆ ಕಣ್ಣುಮುಚ್ಚಿ ಎಲ್ ತೆಗೆದುಕೊಳ್ಳಿ, ನಾಳೆ ಲ್ಯಾಪ್‌ಟಾಪ್ ಬದಲಾದರೂ ಉಪಯೋಗಕ್ಕೆ ಬರುತ್ತದೆ.

ಹೆಚ್ಚಿನವರು ಎಡವುವುದು ವೋಲ್ಟೇಜಿನಲ್ಲಲ್ಲ, ಚಿಪ್ಪಿನ ಸಾಂದ್ರತೆಯಲ್ಲಿ. 4ನೇ ತಲೆಮಾರಿನವರೆಗಿನ ಇಂಟೆಲ್ ಪ್ರೊಸೆಸರುಗಳು (ಎಕ್ಸ್230ರದ್ದೂ ಇದರಲ್ಲೇ ಬರುತ್ತದೆ) ಒಂದು ಚಿಪ್ಪಿಗೆ 4 ಗಿಗಾಬಿಟ್‌ವರೆಗೆ ಮಾತ್ರ ಗುರುತಿಸುತ್ತವೆ. ಆ ಲೆಕ್ಕದಲ್ಲಿ 8 ಜಿಬಿ ಆಗಬೇಕಾದರೆ ಒಂದು ಸ್ಟಿಕ್ಕಿನಲ್ಲಿ 16 ಚಿಪ್ ಇರಬೇಕು, ಬದಿಗೆ ಎಂಟೆಂಟು. ಲೇಬಲ್ಲಿನಲ್ಲಿ ಇದು ‘2ಆರ್‌ಎಕ್ಸ್8’ ಎಂದು ಕಾಣುತ್ತದೆ. ‘1ಆರ್‌ಎಕ್ಸ್8’ ಎಂದಿದ್ದು ಎಂಟೇ ಚಿಪ್ಪಿನಲ್ಲಿ 8 ಜಿಬಿ ತುಂಬಿದ್ದರೆ ಅವು 8 ಗಿಗಾಬಿಟ್ಟಿನವು. ಅಂಥದ್ದನ್ನು ಎಕ್ಸ್230ರಲ್ಲಿ ಹಾಕಿದರೆ ಬೀಪ್ ಬರುತ್ತದೆ, ಪರದೆ ಕಪ್ಪಾಗಿಯೇ ಉಳಿಯುತ್ತದೆ. ಸ್ಟಿಕ್ ಹಾಳಾಗಿಲ್ಲ, ಹೊಂದಿಕೆಯಾಗಿಲ್ಲ ಅಷ್ಟೆ. ಮಾರುವವನಿಗೆ ಅದನ್ನು ಒಪ್ಪಿಸುವುದು ಮಾತ್ರ ಕಷ್ಟ.

ಈಗ ದಾರಿಗಳಿಗೆ ಬರೋಣ. ಹೊಸ ಬ್ರ್ಯಾಂಡೆಡ್ ಸ್ಟಿಕ್ ಎಲ್ಲಕ್ಕಿಂತ ನೆಮ್ಮದಿಯದು, ಎಲ್ಲಕ್ಕಿಂತ ದುಬಾರಿಯದೂ ಹೌದು. ಕಿಂಗ್‌ಸ್ಟನ್ನಿನ ಕೆವಿಆರ್16ಎಲ್‌ಎಸ್11/8 ಹಾಕಿದ ಕೂಡಲೇ 1600ರಲ್ಲಿ ಓಡಿತು, ಬಯಾಸ್ (ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್) ಮುಟ್ಟುವ ಪ್ರಸಂಗವೇ ಬರಲಿಲ್ಲ. ಕ್ರೂಶಿಯಲ್ ಕೂಡ ಅಷ್ಟೇ ನಂಬಿಕಸ್ಥ ಹೆಸರು, ಆದರೆ ಆ ಗ್ರಾಹಕ ವ್ಯಾಪಾರವನ್ನು ನಿಲ್ಲಿಸುವುದಾಗಿ ಅದರ ಒಡೆಯ ಕಂಪನಿ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಘೋಷಿಸಿದೆ, ಇನ್ನು ಸಿಗುವುದೆಲ್ಲ ಉಳಿದ ದಾಸ್ತಾನು. ಒಂದು ಕಿವಿಮಾತು: ಅದೇ ಅಂಗಡಿಯಾದರೂ ಆನ್‌ಲೈನಿನಲ್ಲಿ ಕೊಳ್ಳಿ. ಜರ್ಮನಿಯಲ್ಲಿ ಆನ್‌ಲೈನ್ ಖರೀದಿಗೆ ಕಾರಣ ಹೇಳದೆ 14 ದಿನದೊಳಗೆ ವಾಪಸ್ ಮಾಡುವ ಕಾನೂನಿನ ಹಕ್ಕಿದೆ, ಕೌಂಟರಿನಲ್ಲಿ ನಿಂತು ಕೊಂಡದ್ದಕ್ಕೆ ಅದಿಲ್ಲ. ಹೊಂದಿಕೆಯದ್ದೇ ಅನುಮಾನ ಇರುವ ವಸ್ತುವಿಗೆ ಈ ವ್ಯತ್ಯಾಸ ದೊಡ್ಡದು.

ಎರಡನೆಯದು, ಆಫೀಸುಗಳ ಹಳೆಯ ಲ್ಯಾಪ್‌ಟಾಪುಗಳನ್ನು ಸಗಟಾಗಿ ಕೊಂಡು ಬಿಚ್ಚಿ ಮಾರುವ ವ್ಯಾಪಾರಿಗಳು. ನನ್ನ ಮಟ್ಟಿಗೆ ಗೆದ್ದದ್ದು ಇದೇ. ಇವರಲ್ಲಿ ಬರುವುದು ಹೆಚ್ಚಾಗಿ ಸ್ಯಾಮ್‌ಸಂಗ್ ಅಥವಾ ಹೈನಿಕ್ಸ್, ಅಂದರೆ ಲೆನೊವೊ, ಡೆಲ್, ಎಚ್‌ಪಿ ಕಾರ್ಖಾನೆಯಲ್ಲೇ ಹಾಕಿ ಕಳಿಸುತ್ತಿದ್ದ ಮಾಲು. ಬೆಲೆ ಹೊಸದಕ್ಕಿಂತ ಎಷ್ಟೋ ಕಡಿಮೆ, 14 ದಿನದ ಹಕ್ಕು ಇಲ್ಲೂ ಇದೆ, ದೋಷದ ಜವಾಬ್ದಾರಿಯೂ ಸಾಮಾನ್ಯವಾಗಿ ಒಂದು ವರ್ಷದ್ದು. ಹುಡುಕುವಾಗ ‘ಆರ್ಬೈಟ್ಸ್‌ಶ್ಪೈಖರ್ ಗೆಬ್ರಾಖ್ಟ್’ (Arbeitsspeicher gebraucht, ಅಂದರೆ ಬಳಸಿದ ರ‍್ಯಾಮ್) ಎಂದು ಜರ್ಮನ್ನಿನಲ್ಲೇ ಹಾಕಿದರೆ ಹೆಚ್ಚು ಸಿಗುತ್ತದೆ. ಫೋಟೋದಲ್ಲಿ ಲೇಬಲ್ ಓದಿ: ಸ್ಯಾಮ್‌ಸಂಗ್ ಸಂಖ್ಯೆಯ ಕೊನೆಯಲ್ಲಿ ವೈಕೆ0 ಎಂದಿದ್ದರೆ 1.35 ವೋಲ್ಟ್ 1600, ಸಿಕೆ0 ಎಂದಿದ್ದರೆ 1.5 ವೋಲ್ಟ್ 1600, ಸಿಎಚ್9 ಎಂದಿದ್ದರೆ 1333. ಒಂದೇ ಸಂಖ್ಯೆಯ ಎರಡು ಸ್ಟಿಕ್ ಕೊಡಿ ಎಂದು ಬರೆದರೆ ಬಹಳಷ್ಟು ವ್ಯಾಪಾರಿಗಳು ಆರಿಸಿ ಕಳಿಸುತ್ತಾರೆ.

ಹಳೆಯ ಸಾಮಾನು ಮಾರುವ ಜಾಹೀರಾತು ತಾಣ ಕ್ಲೈನ್‌ಆನ್‌ತ್ಸೈಗನ್ ಇನ್ನೂ ಅಗ್ಗ. ಅಲ್ಲಿ ಮಾರುವವರು ಖಾಸಗಿ ಜನ, ‘ಯಾವ ಜವಾಬ್ದಾರಿಯೂ ಇಲ್ಲ, ವಾಪಸ್ ಇಲ್ಲ’ ಎಂಬ ಸಾಲು ಜಾಹೀರಾತಿನಲ್ಲೇ ಇರುತ್ತದೆ. ಹಾಗಾಗಿ ನಿಮ್ಮ ಊರಿನೊಳಗೇ ನೋಡಿ, ಲ್ಯಾಪ್‌ಟಾಪ್ ಮತ್ತು ಸ್ಕ್ರೂಡ್ರೈವರ್ ಒಯ್ದು, ಹಾಕಿ, ಬೂಟ್ ಮಾಡಿ ಆಮೇಲೆ ದುಡ್ಡು ಕೊಡಿ. ಸಂಕೋಚ ಬೇಡ, ಅಲ್ಲಿ ಯಾರೂ ಇದನ್ನು ಅಪಮಾನ ಎಂದುಕೊಳ್ಳುವುದಿಲ್ಲ. ಇನ್ನೊಂದು ಉಪಾಯ: ಪರದೆ ಒಡೆದ ಲ್ಯಾಪ್‌ಟಾಪುಗಳು ‘ಡಿಫೆಕ್ಟ್’ ಹೆಸರಿನಲ್ಲಿ ಬರುತ್ತಿರುತ್ತವೆ. ಕೆಲವೊಮ್ಮೆ ಇಡೀ ಲ್ಯಾಪ್‌ಟಾಪೇ ಅದರೊಳಗಿನ ರ‍್ಯಾಮ್‌ನ ಬೆಲೆಗೆ ಸಿಗುತ್ತದೆ, ಜೊತೆಗೊಂದು ಚಾರ್ಜರ್ ಲಾಭ.

ಚೀನಾದ ತಾಣಗಳಿಂದ ತರಿಸುವುದು ಈ ಮಾದರಿಗೆ ಬೇಡ. ಮೇಲೆ ಹೇಳಿದ ಎಂಟು ಚಿಪ್ಪಿನ ಸ್ಟಿಕ್ಕುಗಳು ಬರುವುದು ಹೆಚ್ಚಾಗಿ ಅಲ್ಲಿಂದಲೇ. ಹೆಸರೇ ಕೇಳಿರದ ಬ್ರ್ಯಾಂಡಿನ ಸ್ಟಿಕ್ಕರು ಚಿಪ್ಪುಗಳ ಮೇಲೆಯೇ ಅಂಟಿರುತ್ತದೆ, ಕೆಳಗೆ ಯಾವ ಕಂಪನಿಯ ಚಿಪ್ ಎಂದು ಕಾಣದ ಹಾಗೆ. 1600 ಎಂದು ಬರೆದದ್ದು ಹಾರ್ಡ್‌ವೇರ್ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶದ ಎಸ್‌ಪಿಡಿ ಪುಟದಲ್ಲಿ 1333 ಎಂದು ತೋರಿಸಿದ್ದೂ ಉಂಟು. 2021ರ ಜುಲೈ 1ರಿಂದ ಸಣ್ಣ ಪಾರ್ಸೆಲ್‌ಗೂ ವ್ಯಾಟ್ ಬೀಳುತ್ತದೆ, ಜರ್ಮನಿಯಲ್ಲಿ 19 ಶೇಕಡ. ವಾಪಸ್ ಕಳಿಸುವ ಅಂಚೆ ಖರ್ಚು ಸೇರಿಸಿದರೆ ಉಳಿದದ್ದೇನೂ ಇಲ್ಲ. ಎಕ್ಸ್250ರಂಥ 5ನೇ ತಲೆಮಾರಿನವಕ್ಕೆ ಬೇಕಾಗುವ 16 ಜಿಬಿಯ ಒಂಟಿ ಡಿಡಿಆರ್3ಎಲ್ ಸ್ಟಿಕ್ ಬೇರೆಡೆ ಅಪರೂಪ, ಅದಕ್ಕಾದರೆ ಈ ದಾರಿ ನೋಡಬಹುದು.

ಇನ್ನು ಎಸ್‌ಪಿ ರೋಡ್, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ. ಅಪ್ಪ ಅಮ್ಮ ಬರುವವರಿದ್ದರೆ, ಅಥವಾ ಗೆಳೆಯರು ಊರಿಂದ ವಾಪಸಾಗುತ್ತಿದ್ದರೆ ಇದು ಒಳ್ಳೆಯ ಆಯ್ಕೆ. ಬಿಚ್ಚಿದ ಮಾಲು ರಾಶಿ ಇರುತ್ತದೆ, ಅಂಗಡಿಯವರು ಎದುರಿಗೇ ಹಾಕಿ ತೋರಿಸುತ್ತಾರೆ. ಹೋಗುವವರಿಗೆ ತಾಂತ್ರಿಕ ವಿವರ ಒಪ್ಪಿಸುವ ಬದಲು, ‘ಎರಡೂ ಬದಿಯ ಫೋಟೋ ವಾಟ್ಸಾಪ್ ಮಾಡಿ, ನಾನು ಹೂಂ ಅಂದಮೇಲೆ ದುಡ್ಡು ಕೊಡಿ’ ಎನ್ನಿ. ಕೆಲವರು ಕೊಡುವುದು ಬರೀ ಟೆಸ್ಟಿಂಗ್ ವಾರಂಟಿ, ವಿಮಾನ ಹತ್ತಿದ ಮೇಲೆ ಅದೂ ಲೆಕ್ಕಕ್ಕಿಲ್ಲ. ಕೈಯಲ್ಲೇ ತರುವುದು ಸಲೀಸು. ವಿಮಾನದಲ್ಲಿ ಬರುವ ವಯಸ್ಕರಿಗೆ 430 ಯೂರೋವರೆಗೆ ಸುಂಕದ ವಿನಾಯಿತಿ ಇದೆ. ಅಂಚೆಯಲ್ಲಿ ಕಳಿಸಿದರೆ ಮನೆಯವರ ಉಡುಗೊರೆಗೂ ವಿನಾಯಿತಿಯ ಮಿತಿ 45 ಯೂರೋ. ಆಂಟಿಸ್ಟ್ಯಾಟಿಕ್ ಕವರ್ ಕೇಳಿ ಪಡೆಯಿರಿ, ಬರೀ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೀರೆಗಳ ನಡುವೆ ತುರುಕಿ ತಂದರೆ ಸ್ಥಿರ ವಿದ್ಯುತ್ತಿನ ಅಪಾಯ ಇದೆ.

ಹಾಕುವುದು ಐದು ನಿಮಿಷದ ಕೆಲಸ. ಚಾರ್ಜರ್ ಕಿತ್ತು, ಹಿಂದಿನ ಬ್ಯಾಟರಿ ತೆಗೆದು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ತಳದ ಮುಚ್ಚಳ ಬಿಚ್ಚಿದರೆ ಎರಡೂ ಸ್ಲಾಟ್ ಅಲ್ಲೇ. ಅಕ್ಕಪಕ್ಕದ ಲೋಹದ ಕ್ಲಿಪ್ಪುಗಳನ್ನು ಹೊರಗೆ ಸರಿಸಿದರೆ ಹಳೆಯ ಸ್ಟಿಕ್ ತಾನಾಗಿ ಮೇಲೇಳುತ್ತದೆ. ಹೊಸದನ್ನು ಓರೆಯಾಗಿ, ಚಿನ್ನದ ಪಟ್ಟಿ ಎರಡೂ ತುದಿಯಲ್ಲಿ ಸಮನಾಗಿ ಮರೆಯಾಗುವ ತನಕ ತಳ್ಳಿ, ಆಮೇಲೆ ಕೆಳಗೆ ಒತ್ತಿ ಟಕ್ ಅನ್ನಿಸಿ. ಬೂಟ್ ಆಗದಿದ್ದರೆ ಹತ್ತಕ್ಕೆ ಒಂಬತ್ತು ಸಲ ಈ ತಳ್ಳುವಿಕೆಯೇ ಅರೆಬರೆ ಆಗಿರುತ್ತದೆ.

ಬೂಟ್ ಆಯಿತೆಂದು ನಿಶ್ಚಿಂತರಾಗಬೇಡಿ. ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86+ ರಾತ್ರಿಯಿಡೀ ಓಡಲಿ. ಒಂದೇ ಒಂದು ಕೆಂಪು ಸಾಲು ಕಂಡರೂ ಒಂದೊಂದೇ ಸ್ಟಿಕ್ ಹಾಕಿ ಮತ್ತೆ ಓಡಿಸಿ, ತಪ್ಪಿತಸ್ಥನನ್ನು ಹಿಡಿದು, 14 ದಿನ ಮುಗಿಯುವ ಮುಂಚೆ ವಾಪಸ್ ಕಳಿಸಿ. ದುಡ್ಡು ಸಾಲದೆ 8 ಜಿಬಿಯ ಒಂದೇ ಸ್ಟಿಕ್ ಕೊಂಡವರು ಹಳೆಯ 4 ಜಿಬಿಯನ್ನು ಎಸೆಯಬೇಕಾಗಿಲ್ಲ. ಎರಡೂ ಇದ್ದರೆ ಮೊದಲ 8 ಜಿಬಿ ಡ್ಯುಯಲ್ ಚಾನೆಲ್‌ನಲ್ಲಿ (ಎರಡೂ ಸ್ಟಿಕ್ ಒಟ್ಟಿಗೆ, ವೇಗವಾಗಿ), ಮಿಕ್ಕ 4 ಸಿಂಗಲ್‌ನಲ್ಲಿ ಓಡುತ್ತದೆ. ಎಕ್ಸ್230ರೊಳಗಿನ ಎಚ್‌ಡಿ 4000 ಗ್ರಾಫಿಕ್ಸಿಗೆ ಬರೀ ಒಂದು 8ಕ್ಕಿಂತ ಇದೇ ಮೇಲು.