ಟೇಪರ್: 3 ವಾರವೋ, 2 ವಾರವೋ?

ಮ್ಯಾರಥಾನ್‌ನ 42.195 ಕಿ.ಮೀ. ಓಟಕ್ಕೆ ಮುಂಚೆ ಅಭ್ಯಾಸ ತಗ್ಗಿಸಿ ಕಾಲಿಗೆ ಬಿಡುವು ಕೊಡುವುದೇ ಟೇಪರ್. ಎಷ್ಟು ವಾರ ಬೇಕು ಅನ್ನುವುದೇ ಪ್ರಶ್ನೆ.

3 ವಾರದ್ದರಲ್ಲಿ ಕೊನೆಯ ದೊಡ್ಡ ಓಟ, ಸಾಮಾನ್ಯವಾಗಿ 30–32 ಕಿ.ಮೀ., ರೇಸಿಗೆ 21 ದಿನ ಮುಂಚೆಯೇ ಮುಗಿದಿರುತ್ತದೆ. ಆಮೇಲೆ ವಾರದ ಒಟ್ಟು ದೂರ ಮೆಲ್ಲಗೆ ಇಳಿಯುತ್ತದೆ. ಮೊದಲು ಕಾಲು ಭಾಗ ಕಡಿಮೆ, ನಂತರ ಅರ್ಧ. ತಿಂಗಳುಗಟ್ಟಲೆ ಜಾಸ್ತಿ ದೂರ ಓಡಿ ದಣಿದಿದ್ದೀರಾ? ಮೀನಖಂಡದ ನೋವು ಹೋಗುತ್ತಲೇ ಇಲ್ಲವಾ? ಹಾಗಾದರೆ ಇದನ್ನೇ ಆರಿಸಿ. ಒಂದೇ ತೊಂದರೆ, ಬಿಡುವು ಜಾಸ್ತಿಯಾದರೆ ತಲೆ ಸುಮ್ನಿರುವುದಿಲ್ಲ. ಇಲ್ಲದ ನೋವೆಲ್ಲ ಕಾಣಿಸಿಕೊಳ್ಳುತ್ತದೆ!

2 ವಾರದ್ದು ಕಡಿದಾದ ಇಳಿಕೆ. ವಾರಕ್ಕೆ 40 ಕಿ.ಮೀ. ಸುತ್ತಮುತ್ತ ಓಡುವವರಿಗೆ ಇಷ್ಟು ಸಾಕು. ಇಳಿಸುವುದಕ್ಕೆ ಅಲ್ಲಿ ಹೆಚ್ಚೇನಿದೆ, ಅಲ್ವಾ? ಆದರೆ ಕೊನೆಯ ದೊಡ್ಡ ಓಟ ರೇಸಿಗೆ ಹತ್ತಿರ ಬರುತ್ತದೆ. ಬೇಗ ಚೇತರಿಸಿಕೊಳ್ಳದ ಕಾಲುಗಳಿಗೆ ಅದು ಕಷ್ಟ. ಅನುಮಾನವಿದ್ದರೆ 3 ವಾರವೇ ವಾಸಿ.

ಎರಡರಲ್ಲೂ ಕಡಿಮೆ ಮಾಡಬೇಕಾದದ್ದು ದೂರವನ್ನು, ವೇಗವನ್ನಲ್ಲ. ರೇಸಿನ ವೇಗದಲ್ಲಿ ಚಿಕ್ಕ ಚಿಕ್ಕ ಓಟ ಇರಲಿ. ಕೊನೆಯ 2–3 ದಿನ ಕಾರ್ಬೋಹೈಡ್ರೇಟ್ ಜಾಸ್ತಿ ತಿಂದಾಗ ತೂಕ ಒಂದೆರಡು ಕಿಲೋ ಏರಬಹುದು. ಗಾಬರಿ ಬೇಡ. ಸ್ನಾಯುಗಳಲ್ಲಿ ಸೇರುವ ಗ್ಲೈಕೋಜನ್, ಅಂದರೆ ದೇಹ ಕೂಡಿಡುವ ಕಾರ್ಬೋಹೈಡ್ರೇಟ್, ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ.