ತರಗೆಲೆಗೆ ಪೆಟ್ರೋಲ್ ಬ್ಲೋವರ್ ಬೇಕಿಲ್ಲ: ಎರಡು ಶರತ್ಕಾಲಗಳ ಅನುಭವ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಮಾಂಟ್ಗಮರಿ ಕೌಂಟಿಯಲ್ಲಿ ಗಾಳಿ ಊದಿ ತರಗೆಲೆ ಸರಿಸುವ ಪೆಟ್ರೋಲ್ ಲೀಫ್ ಬ್ಲೋವರ್‌ಗಳ ಮಾರಾಟವನ್ನು 2024ರ ಜುಲೈ 1ರಿಂದಲೂ ಬಳಕೆಯನ್ನು 2025ರ ಜುಲೈ 1ರಿಂದಲೂ ನಿಷೇಧಿಸಲಾಗಿದೆ. ಇಲ್ಲಿಯೇ ವಾಸವಾಗಿರುವ ನಾವು ಗಡುವಿಗೆ ಮೊದಲೇ ಹಳೆಯ ಯಂತ್ರವನ್ನು ಬಿಟ್ಟು, ಎರಡು ಮೇಪಲ್ ಹಾಗೂ ಒಂದು ಓಕ್ ಮರ ಉದುರಿಸುವ ಎಲೆಗಳನ್ನೆಲ್ಲ ಎರಡು ಶರತ್ಕಾಲಗಳಿಂದ ಬ್ಯಾಟರಿ ಬ್ಲೋವರ್, ಹುಲ್ಲು ಕತ್ತರಿಸುವ ಮೋವರ್ ಮತ್ತು ಎಲೆ ಬಾಚುವ ರೇಕ್ ಇವುಗಳಿಂದಲೇ ನಿಭಾಯಿಸುತ್ತಿದ್ದೇವೆ.

ಹಳೆಯ ಯಂತ್ರದ ದೋಷ ಅದರ ಟೂ-ಸ್ಟ್ರೋಕ್ ಎಂಜಿನ್‌ನ ರಚನೆಯಲ್ಲೇ ಇತ್ತು. ಆಯಿಲ್ ಬೆರೆಸಿದ ಪೆಟ್ರೋಲ್ ಒಳಬರುವ ಹೊತ್ತಿನಲ್ಲಿ ಹೊಗೆ ಹೋಗುವ ದಾರಿಯೂ ತೆರೆದಿರುವುದರಿಂದ ಇಂಧನದ ಒಂದು ಪಾಲು ಉರಿಯದೆಯೇ ಹೊರಬೀಳುತ್ತದೆ. ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಯ ಲೆಕ್ಕದಂತೆ, ವೃತ್ತಿಪರರು ಬಳಸುವ ದೊಡ್ಡ ಬ್ಲೋವರ್ ಒಂದು ಗಂಟೆಯಲ್ಲಿ ಉಗುಳುವ ಹೊಗೆಮಂಜಿನ ಮಾಲಿನ್ಯವು 2017ರ ಟೊಯೋಟಾ ಕ್ಯಾಮ್ರಿ ಕಾರು ಸುಮಾರು 1,100 ಮೈಲಿ ಓಡಿದಾಗ ಆಗುವಷ್ಟು. ಬೆಂಗಳೂರಿನ ಹಳೆಯ ಆಟೋಗಳ ನೀಲಿ ಹೊಗೆಯನ್ನು ಕುಡಿದವರಿಗೆ ಆ ವಾಸನೆಯ ಪರಿಚಯ ಮಾಡಿಸಬೇಕಿಲ್ಲ.

ನಾವು ಕೊಂಡದ್ದು 56 ವೋಲ್ಟ್ ಬ್ಯಾಟರಿಯ ಬ್ಲೋವರ್. ಹಗ್ಗ ಎಳೆದು ಎಳೆದು ತೋಳು ನೋಯಿಸಿಕೊಳ್ಳುವ ಕಷ್ಟವಿಲ್ಲ, ಒಂದು ಗುಂಡಿ ಒತ್ತಿದರೆ ಸಾಕು. ಸದ್ದು ಇದೆಯಾದರೂ ಪಕ್ಕದ ಮನೆಯ ಗೋಡೆ ದಾಟಿ ಕಿವಿ ಕೊರೆಯುವಂಥದ್ದಲ್ಲ. ಕಾರು ನಿಲ್ಲಿಸುವ ದಾರಿಯ ಮೇಲಿನ ಒಣ ಎಲೆಗಳನ್ನು ಹತ್ತು ನಿಮಿಷಗಳಲ್ಲಿ ಬದಿಗೆ ಸರಿಸುತ್ತದೆ. ಆದರೆ ಮಳೆ ಬಂದ ಮರುದಿನ ನೆಲಕ್ಕೆ ಅಂಟಿಕೊಂಡ ಓಕ್ ಎಲೆಗಳ ಮುಂದೆ ಅದು ಸೋಲುತ್ತದೆ: ಪೂರ್ಣ ವೇಗದಲ್ಲಿ ನಡೆಸಿದರೆ ಕಾಲು ಗಂಟೆಯಲ್ಲಿ ಬ್ಯಾಟರಿ ಬರಿದಾಗುತ್ತದೆ, ಮತ್ತೆ ತುಂಬುವವರೆಗೆ ಕೆಲಸ ನಿಲ್ಲುತ್ತದೆ. ಎಲೆ ಒಣಗುವವರೆಗೆ ಒಂದು ದಿನ ಕಾಯುವುದೇ ಸರಿಯೆಂದು ಮೊದಲ ವರ್ಷವೇ ತಿಳಿಯಿತು. ಇನ್ನು ಬ್ಯಾಟರಿಯನ್ನು ಚಳಿಗಾಲದಲ್ಲಿ ಗ್ಯಾರೇಜಿನಲ್ಲಿ ಬಿಡದೆ ಮನೆಯೊಳಗೆ ಇಡಬೇಕು.

ನನಗೆ ನಿಜವಾಗಿ ಮೆಚ್ಚುಗೆಯಾದದ್ದು ಅದೇ ಬ್ಯಾಟರಿಯಿಂದ ನಡೆಯುವ ಮೋವರ್. ಹುಲ್ಲುಹಾಸಿನ ಮೇಲೆ ಒಣ ಎಲೆ ತೆಳುವಾಗಿ ಹರಡಿರುವಾಗಲೇ ವಾರಕ್ಕೊಮ್ಮೆ ಅದನ್ನು ಓಡಿಸಿದರೆ ಎಲೆ ನುಚ್ಚಾಗಿ ಹುಲ್ಲಿನ ನಡುವೆ ಇಳಿದು, ಕೊಳೆತು, ಮಣ್ಣಿಗೆ ಸೇರುತ್ತದೆ. ಗುಡ್ಡೆ ಹಾಕುವ, ಚೀಲ ತುಂಬಿ ರಸ್ತೆಯಂಚಿಗೆ ಹೊರುವ ಕೆಲಸವೇ ಉಳಿಯುವುದಿಲ್ಲ. ಎಲೆ ದಪ್ಪಗೆ ಬಿದ್ದ ಮೇಲೆ ಮಾತ್ರ ಎರಡು ಸಲ ಓಡಿಸಬೇಕಾಗುತ್ತದೆ.

ಮರಗಳ ಬುಡಕ್ಕೆ ಯಾವ ಯಂತ್ರವನ್ನೂ ಒಯ್ಯುವುದಿಲ್ಲ. ಲೂನಾ ಪತಂಗದ ಗೂಡುಗಳೂ ಮಿಂಚುಹುಳುಗಳ ಮರಿಗಳೂ ಚಳಿಗಾಲವನ್ನು ಆ ಎಲೆಹೊದಿಕೆಯ ಆಸರೆಯಲ್ಲೇ ಕಳೆಯುವುದರಿಂದ, ಹೆಚ್ಚಾದ ಎಲೆಗಳನ್ನು ರೇಕಿನಿಂದ ಅಲ್ಲಿಗೇ ಎಳೆದು ಹರಡುತ್ತೇವೆ. ಅಡಿಕೆ ತೋಟಕ್ಕೆ ದರಗು (ತರಗೆಲೆ) ಹೊತ್ತು ತಂದ ಮಲೆನಾಡಿನ ಮನೆಯಲ್ಲಿ ಬೆಳೆದ ನನಗೆ, ಎಲೆಯನ್ನು ಕಸವೆಂದು ಚೀಲಕ್ಕೆ ತುಂಬುತ್ತಿದ್ದ ವರ್ಷಗಳಲ್ಲಿ ಮನಸ್ಸು ಒಪ್ಪಿರಲೇ ಇಲ್ಲ.

ಅಂಗಳ ಚಿಕ್ಕದಿರುವವರು ಬ್ಲೋವರ್ ಕೊಳ್ಳದೆ ಒಂದು ಒಳ್ಳೆಯ ಉಕ್ಕಿನ ಹಲ್ಲಿನ ರೇಕ್ ತಂದರೆ ಸಾಕು. ಮೋವರ್ ಹೇಗೂ ಬೇಕಾಗಿರುವವರು ಎರಡಕ್ಕೂ ಒಂದೇ ಬ್ಯಾಟರಿ ಹೊಂದುವಂತೆ ನೋಡಿ ಕೊಳ್ಳಲಿ, ಏಕೆಂದರೆ ಇವುಗಳಲ್ಲಿ ದುಬಾರಿಯಾದದ್ದು ಬ್ಯಾಟರಿಯೇ.